ಯುದ್ಧದ ಗಾಯ, ಲ್ಯಾಬಿನ ಮೇಜು: ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ನಾವು ಹಿಡಿಯುವ ಬಗೆ

ಪೋಲೆಂಡಿನ ಝೆಶುಫ್‌ನಿಂದ ಉಕ್ರೇನಿನ ಗಾಯಾಳುಗಳನ್ನು ಹೊತ್ತ ವಿಮಾನ ಹೊರಟಿದೆ ಎಂದು ಗೊತ್ತಾದ ಕೂಡಲೇ, ಜರ್ಮನಿಯ ಈ ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ನಾವು ಫ್ರಿಜ್ಜಿನಿಂದ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟುಗಳನ್ನು ತೆಗೆದು ಮೇಜಿನ ಮೇಲೆ ಹರಡುತ್ತೇವೆ. ಪ್ಲೇಟು ಕೋಣೆಯ ಬಿಸಿಗೆ ಬಂದಿರಬೇಕು, ಮೇಲ್ಮೈ ಒಣಗಿರಬೇಕು. ನೀರು ಹನಿಗಟ್ಟಿದ ಪ್ಲೇಟಿನಲ್ಲಿ ಕಾಲೊನಿಗಳು (ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳು) ಹರಿದು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಒಂದೇ ಗಾಯದಲ್ಲಿ ನಾಲ್ಕೈದು ಜಾತಿಯ ಬ್ಯಾಕ್ಟೀರಿಯಾ ಇರುವುದು ಇಲ್ಲಿ ಮಾಮೂಲು. ಅವನ್ನು ಬಿಡಿಬಿಡಿಯಾಗಿ ಎತ್ತಲು ಆಗದಿದ್ದರೆ ರಿಪೋರ್ಟು ಒಂದು ದಿನ ತಡ.

ಕೆಳಗೆ ಬರೆದಿರುವುದು ಆ ಮೇಜಿನ ಕೆಲಸ. ಕನ್ನಡದಲ್ಲಿ ಬರೆಯಲು ಕಾರಣವಿದೆ. ಈ ಗಾಯಗಳಲ್ಲಿ ನಮಗೆ ಮತ್ತೆ ಮತ್ತೆ ಸಿಗುವ, ಆಂಟಿಬಯಾಟಿಕ್ ಒಡೆಯುವ ಎನ್‌ಡಿಎಂ ಎಂಬ ಕಿಣ್ವದ ಹೆಸರಿನಲ್ಲೇ ನವದೆಹಲಿ ಇದೆ, ಅದು ನಮ್ಮ ನಾಡಿನ ಐಸಿಯುಗಳಲ್ಲೂ ಇದೆ. ರಸ್ತೆ ಅಪಘಾತದಲ್ಲಿ ಕಾಲು ಜಜ್ಜಿಹೋದವರ ಗಾಯಕ್ಕೂ ಸಿಡಿಮದ್ದಿನ ಗಾಯಕ್ಕೂ ಲ್ಯಾಬಿನ ಮಟ್ಟದಲ್ಲಿ ವ್ಯತ್ಯಾಸ ಕಡಿಮೆ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದೇ ಕೆಲಸ ಮಾಡುವವರಿಗೆ ಇಲ್ಲಿನ ವಿವರ ಹಾಗೇ ಉಪಯೋಗಕ್ಕೆ ಬರುತ್ತದೆ.

ಮಣ್ಣಿನಿಂದ ಬಂದದ್ದಲ್ಲ

ಗಾಯಾಳು ನಮ್ಮಲ್ಲಿಗೆ ಬರುವ ಹೊತ್ತಿಗೆ ಗಾಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದಿರುತ್ತವೆ. ಮುಂಚೂಣಿಯ ಹತ್ತಿರ ರಕ್ತ ನಿಲ್ಲಿಸುವ ಒಂದು ಠಾಣೆ, ಅಲ್ಲಿಂದ ಡ್ನಿಪ್ರೊ ಅಥವಾ ಖಾರ್ಕಿವ್, ಮುಂದೆ ಕೀವ್ ಅಥವಾ ವಿನ್ನಿತ್ಸಿಯಾ, ಆಮೇಲೆ ಲ್ವೀವ್, ಗಡಿ ದಾಟಿ ಪೋಲೆಂಡ್. ಕರ್ನಾಟಕದಿಂದ ಮೆಡಿಕಲ್ ಓದಲು ಹೋದ ಎಷ್ಟೋ ಮಕ್ಕಳಿಗೆ ಪರಿಚಯವಿದ್ದ ಊರುಗಳು ಇವು. ಪ್ರತಿ ನಿಲುಗಡೆಯಲ್ಲೂ ಹೊಸ ಹಾಸಿಗೆ, ಹೊಸ ಕೈಗಳು, ಹೊಸ ಆಂಟಿಬಯಾಟಿಕ್. ಜರ್ಮನಿಯೊಳಗೆ ಯಾರು ಯಾವ ಆಸ್ಪತ್ರೆಗೆ ಎಂದು ಹಂಚುವುದು ಕೋವಿಡ್ ಕಾಲದಲ್ಲಿ ಕಟ್ಟಿದ ಕ್ಲೇಬ್ಲಟ್ ವ್ಯವಸ್ಥೆ.

ಯುದ್ಧಭೂಮಿಯ ಮಣ್ಣಿನಲ್ಲೇ ಈ ಹಟಮಾರಿ ಬ್ಯಾಕ್ಟೀರಿಯಾ ಇರುತ್ತದೆ ಎಂದು ತುಂಬ ಜನ ನಂಬುತ್ತಾರೆ. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಅಮೆರಿಕದ ಸೇನಾ ವೈದ್ಯರೂ ಮೊದಮೊದಲು ಹಾಗೆಯೇ ಅಂದುಕೊಂಡಿದ್ದರು. ಅಸಿನೆಟೊಬ್ಯಾಕ್ಟರ್ ಬೌಮನಿ ಎಂಬ ಬ್ಯಾಕ್ಟೀರಿಯಾ ಸೈನಿಕರಲ್ಲಿ ಎಷ್ಟು ಹರಡಿತೆಂದರೆ ಅದಕ್ಕೆ ಇರಾಕಿಬ್ಯಾಕ್ಟರ್ ಎಂಬ ಅಡ್ಡಹೆಸರೇ ಬಿತ್ತು. ಮಣ್ಣನ್ನೂ ಸೈನಿಕರ ಚರ್ಮವನ್ನೂ ಪರೀಕ್ಷಿಸಿ ನೋಡಿದಾಗ ಅಲ್ಲಿ ಉತ್ತರ ಸಿಗಲಿಲ್ಲ. ಹೊಂದಿಕೆಯಾದದ್ದು ಫೀಲ್ಡ್ ಆಸ್ಪತ್ರೆಗಳ ಒಳಗಿನ ಮೇಲ್ಮೈಗಳಿಂದ ತೆಗೆದ ತಳಿಗಳು. ಬಾಗ್ದಾದಿನಲ್ಲಿ ಗಾಯವಾದ ಕೂಡಲೇ ತೆಗೆದ ಮಾದರಿಗಳಲ್ಲಿ ಬೆಳೆದದ್ದು ಹೆಚ್ಚಾಗಿ ಚರ್ಮದ ಸಾಮಾನ್ಯ ಗ್ರಾಂ ಪಾಸಿಟಿವ್ ಕಾಕೈಗಳು, ಅಂದರೆ ಗ್ರಾಂ ಸ್ಟೇನಿನ ನೇರಳೆ ಬಣ್ಣ ಹಿಡಿದುಕೊಳ್ಳುವ ಉರುಟು ಬ್ಯಾಕ್ಟೀರಿಯಾ. ಔಷಧಿಗೆ ಬಗ್ಗದ, ಅಂದರೆ ನಿರೋಧಕ ಗ್ರಾಂ ನೆಗೆಟಿವ್‌ಗಳು (ಆ ಬಣ್ಣ ಹಿಡಿಯದವು) ಆಮೇಲೆ, ಚಿಕಿತ್ಸೆಯ ದಾರಿಯಲ್ಲಿ ಹತ್ತಿಕೊಂಡಂಥವು.

ಉಕ್ರೇನಿನಲ್ಲಿ ಮುಂದೆ ನಿಂತಿರುವುದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ವಿನ್ನಿತ್ಸಿಯಾದ ವೈದ್ಯರ ಜೊತೆ 141 ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. 133 ಮಂದಿ ಯುದ್ಧದಲ್ಲಿ ಗಾಯಗೊಂಡ ದೊಡ್ಡವರು, 8 ನವಜಾತ ಶಿಶುಗಳು. ಕೊನೆಯ ಅಸ್ತ್ರದಂತಿರುವ ಕೊಲಿಸ್ಟಿನ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಅಲ್ಲಿ ಸಿಕ್ಕಿತು. ಆ ಶಿಶುಗಳು ಯುದ್ಧಭೂಮಿಯ ಮಣ್ಣು ಮುಟ್ಟಿದವರಲ್ಲ ಎಂಬುದನ್ನು ಮರೆಯಬಾರದು. ಇದು ಯಾವ ವೈದ್ಯರ ಮೇಲಿನ ದೂರೂ ಅಲ್ಲ. ಕರೆಂಟ್ ಹೋಗಿ, ಒಂದು ಹಾಸಿಗೆಯ ಜಾಗದಲ್ಲಿ ಮೂರು ಹಾಸಿಗೆ ಹಾಕಿ, ಕ್ಷಿಪಣಿ ಬೀಳುತ್ತಿರುವಾಗ ಆಪರೇಶನ್ ಮಾಡುವವರು ಕೈ ತೊಳೆಯುವ ನಿಯಮ ಪಾಲಿಸಲಿಲ್ಲ ಎಂದು ಹೇಳುವ ಹಕ್ಕು ಸುರಕ್ಷಿತವಾಗಿ ಕುಳಿತ ನಮಗಿಲ್ಲ. ಆದರೆ ಮೂಲ ಗೊತ್ತಿದ್ದರೆ ತಡೆಯುವ ಜಾಗವೂ ಗೊತ್ತಾಗುತ್ತದೆ.

ಸೇನೆಯ ಮಾರ್ಗಸೂಚಿಗಳಲ್ಲಿ ಗಾಯವಾದ ಜಾಗದಲ್ಲೇ ಕೊಡುವ ಮೊದಲ ಡೋಸ್ ಸರಳವಾಗಿದೆ: ನುಂಗಲು ಆಗುವವರಿಗೆ ಮಾಕ್ಸಿಫ್ಲೊಕ್ಸಾಸಿನ್ 400 ಮಿ.ಗ್ರಾಂ ಮಾತ್ರೆ, ಆಗದವರಿಗೆ ಎರ್ಟಾಪೆನೆಮ್ 1 ಗ್ರಾಂ. ಆಸ್ಪತ್ರೆಗೆ ಬಂದ ಮೇಲೆ ಕೈಕಾಲಿನ ತೆರೆದ ಗಾಯಕ್ಕೆ ಸೆಫಜೋಲಿನ್ 2 ಗ್ರಾಂ ಸಾಕು ಎನ್ನುತ್ತದೆ ಅಮೆರಿಕದ ಸೇನಾ ಮಾರ್ಗಸೂಚಿ. ಗ್ರಾಂ ನೆಗೆಟಿವ್‌ಗಾಗಿ ಮುನ್ನೆಚ್ಚರಿಕೆಯ ಔಷಧಿ ಸೇರಿಸಬೇಡಿ ಎಂದೂ ಹೇಳುತ್ತದೆ. ನನ್ನ ಅಭಿಪ್ರಾಯವೂ ಅದೇ. ಸೋಂಕಿಲ್ಲದ ಗಾಯಕ್ಕೆ ಹತ್ತು ದಿನ ಮೆರೊಪೆನೆಮ್ (ಕಾರ್ಬಪೆನೆಮ್ ಗುಂಪಿನ ಬಲವಾದ ಆಂಟಿಬಯಾಟಿಕ್) ಹಾಕಿದರೆ ಗಾಯದಲ್ಲೂ ಕರುಳಿನಲ್ಲೂ ಇದ್ದ ಸಾಧು ಬ್ಯಾಕ್ಟೀರಿಯಾ ಸತ್ತು, ಪಕ್ಕದ ಹಾಸಿಗೆಯಿಂದ ಬರುವ ಕ್ಲೆಬ್ಸಿಯೆಲ್ಲಾಕ್ಕೆ ಜಾಗ ಖಾಲಿಯಾಗುತ್ತದೆ.

ಸ್ಯಾಂಪಲ್ ಕೆಟ್ಟರೆ ಎಲ್ಲ ಕೆಟ್ಟಂತೆ

ನಮ್ಮ ಮೇಜಿಗೆ ಬರುವ ತಪ್ಪು ರಿಪೋರ್ಟುಗಳಲ್ಲಿ ಹೆಚ್ಚಿನವು ಆಪರೇಶನ್ ಥಿಯೇಟರಿನಲ್ಲೇ ಹುಟ್ಟಿರುತ್ತವೆ. ಡ್ರೆಸ್ಸಿಂಗ್ ಬಿಚ್ಚಿದ ಕೂಡಲೇ ಮೇಲಿನ ಕೀವಿಗೆ ಸ್ವಾಬ್ ಸವರಿ ಕಳಿಸಿದರೆ ನಮಗೆ ಸಿಗುವುದು ಡ್ರೆಸ್ಸಿಂಗಿನ ಅಡಿಯಲ್ಲಿ ತಂಗಿರುವವರ ಪಟ್ಟಿ. ಒಳಗೆ ಮಾಂಸವನ್ನು ತಿನ್ನುತ್ತಿರುವವರು ಬೇರೆಯೇ ಇರಬಹುದು. ಹಾಗಾಗಿ ನಾವು ಸರ್ಜನ್‌ಗಳಿಗೆ ಹೇಳುವ ಕ್ರಮ ಹೀಗೆ: ಮೊದಲು ಗಾಯವನ್ನು ಸಲೈನಿನಿಂದ ತೊಳೆಯಿರಿ, ಸತ್ತ ಮಾಂಸವನ್ನು ತೆಗೆಯಿರಿ, ಕೈಗವಸು ಬದಲಿಸಿ, ಆಮೇಲೆ ಬದುಕಿರುವ ಮಾಂಸದ ಅಂಚಿನಿಂದ ಮೂರರಿಂದ ಐದು ತುಂಡು ತೆಗೆಯಿರಿ. ಪ್ರತಿ ತುಂಡಿಗೂ ಬೇರೆ ಬ್ಲೇಡು, ಬೇರೆ ಚಿಮುಟ, ಬೇರೆ ಡಬ್ಬಿ. ಒಂದೇ ಚಿಮುಟದಲ್ಲಿ ಐದೂ ತುಂಡು ಎತ್ತಿದರೆ ಐದೂ ಡಬ್ಬಿಯಲ್ಲಿ ಒಂದೇ ಬ್ಯಾಕ್ಟೀರಿಯಾ ಬರುತ್ತದೆ, ಅದು ಚಿಮುಟದ್ದೂ ಆಗಿರಬಹುದು.

ಕಡಲೆಕಾಳಿನಷ್ಟು ದೊಡ್ಡ ತುಂಡಾದರೂ ಇರಲಿ. ಚಿಕ್ಕ ತುಂಡಾದರೆ ಒಣಗದಂತೆ ಸುಮಾರು 1 ಮಿ.ಲೀ. ಸ್ಟೆರೈಲ್ ಸಲೈನ್ ಹಾಕಬೇಕು. ಎರಡು ಗಂಟೆಯೊಳಗೆ, ಕೋಣೆಯ ಉಷ್ಣತೆಯಲ್ಲಿ, ಲ್ಯಾಬಿಗೆ ಬರಬೇಕು. ಅತಿ ದುಃಖದ ತಪ್ಪು ಬ್ಯಾಕ್ಟೀರಿಯಾವನ್ನೇ ಕೊಲ್ಲುವ ಫಾರ್ಮಾಲಿನ್ ಡಬ್ಬಿಯದು. ಪೆಥಾಲಜಿಗೆ ಹೋಗುವ ಡಬ್ಬಿಯೂ ನಮ್ಮ ಡಬ್ಬಿಯೂ ಅಕ್ಕಪಕ್ಕ ಇದ್ದು, ಕಲ್ಚರ್ ತುಂಡು ಫಾರ್ಮಾಲಿನ್‌ಗೆ ಬಿದ್ದರೆ ಅಲ್ಲಿಗೆ ಮುಗಿಯಿತು. ಎರಡಕ್ಕೂ ಬೇರೆ ಬಣ್ಣದ ಮುಚ್ಚಳ ತರಿಸುವುದೇ ಪರಿಹಾರ, ಬೋಧನೆ ಮಾಡಿ ಪ್ರಯೋಜನವಿಲ್ಲ.

ಸ್ವಾಬ್ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದಾಗ ಲೆವೀನ್ ವಿಧಾನ: ಗಾಯ ತೊಳೆದು, ಸತ್ತ ಪೊರೆ ತೆಗೆದು, ಆರೋಗ್ಯವಾಗಿ ಕಾಣುವ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒಳಗಿನ ದ್ರವ ಉಕ್ಕುವಷ್ಟು ಒತ್ತಿ ಐದು ಸೆಕೆಂಡು ತಿರುಗಿಸುವುದು. ವ್ಯಾಕ್ಯೂಮ್ ಡ್ರೆಸ್ಸಿಂಗಿನ ಸ್ಪಂಜನ್ನು ಕತ್ತರಿಸಿ ಕಳಿಸುವವರಿದ್ದಾರೆ. ಅದರಲ್ಲಿ ಬೆಳೆದದ್ದಕ್ಕೆ ಔಷಧಿ ಕೊಟ್ಟರೆ ಸ್ಪಂಜಿಗೆ ಚಿಕಿತ್ಸೆ ಮಾಡಿದಂತೆ.

ತೆಗೆದುಹಾಕಿದ ಸ್ಕ್ರೂ, ಪ್ಲೇಟು, ಲೋಹದ ಚೂರುಗಳನ್ನು ಬಿಸಾಡಬಾರದು. ಅವುಗಳ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಪದರ ಕಟ್ಟಿಕೊಂಡಿರುತ್ತದೆ. ಮುಚ್ಚಳ ಬಿಗಿಯಾದ ಸ್ಟೆರೈಲ್ ಡಬ್ಬಿಯಲ್ಲಿ ರಿಂಗರ್ ದ್ರವದಲ್ಲಿ ಮುಳುಗಿಸಿ (ಸೊಂಟದ ಕೃತಕ ಕೀಲಿನಂಥ ದೊಡ್ಡ ಭಾಗಕ್ಕೆ 400 ಮಿ.ಲೀ., ಸ್ಕ್ರೂಗೆ ಮುಳುಗುವಷ್ಟು), 30 ಸೆಕೆಂಡು ವೋರ್ಟೆಕ್ಸ್ (ಯಂತ್ರದಲ್ಲಿ ಗಿರಗಿರನೆ ಅಲುಗಿಸುವುದು), 40 ಕಿಲೋಹರ್ಟ್ಸ್‌ನಲ್ಲಿ 5 ನಿಮಿಷ ಸೋನಿಕೇಟರ್ (ಶಬ್ದದ ಅಲೆಗಳಿಂದ ಪದರ ಬಿಡಿಸುವ ನೀರಿನ ತೊಟ್ಟಿ), ಮತ್ತೆ 30 ಸೆಕೆಂಡು ವೋರ್ಟೆಕ್ಸ್. ಡಬ್ಬಿ ಸೋರಿದರೆ ಸೋನಿಕೇಟರಿನ ನೀರಿನ ಬ್ಯಾಕ್ಟೀರಿಯಾ ಒಳಗೆ ಬರುತ್ತದೆ, ಆದ್ದರಿಂದ ಆ ನೀರನ್ನು ದಿನವೂ ಬದಲಿಸಬೇಕು.

ಫಾರಮ್ಮಿನಲ್ಲಿ ನನಗೆ ಬೇಕಾದದ್ದು ಮೂರೇ ಸಾಲು: ಗಾಯ ಯಾವಾಗ ಆಯಿತು, ಕೊನೆಯ ಆಂಟಿಬಯಾಟಿಕ್ ಯಾವುದು ಎಷ್ಟು ಗಂಟೆಗೆ ಕೊಟ್ಟರು, ಗಾಯದಲ್ಲಿ ಮಣ್ಣು ಅಥವಾ ಬಟ್ಟೆ ಕಂಡಿತೇ.

ಅರೆಯುವುದು, ಎಣಿಸುವುದು

ಮಾಂಸದ ತುಂಡನ್ನು ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ಮಾತ್ರ ತೆರೆಯುತ್ತೇವೆ. ಪೆಟ್ರಿ ಡಿಶ್ಶಿಗೆ ಹಾಕಿ ಮೊದಲು ಕಣ್ಣಿನಿಂದ ನೋಡುವುದು. ಬೂದು ಬಣ್ಣಕ್ಕೆ ತಿರುಗಿದ ಸ್ನಾಯು, ಅದರ ಸಂದಿಯಲ್ಲಿ ಸಮವಸ್ತ್ರದ ಹಸಿರು ನೂಲಿನ ಎರಡು ಎಳೆ, ಸಾಸಿವೆಯಷ್ಟು ಕಪ್ಪು ಚೂರು. ಚಿಮುಟ ತಾಗಿಸಿದರೆ ಕಿಣ್ ಎನ್ನುತ್ತದೆ, ಅಂದರೆ ಲೋಹ. ಆ ನೂಲನ್ನೂ ಚೂರನ್ನೂ ಪಕ್ಕಕ್ಕಿಟ್ಟು ಥಯೋಗ್ಲೈಕೊಲೇಟ್ ಬ್ರಾತಿಗೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಬೇರೆಯಾಗಿ ಹಾಕುತ್ತೇವೆ. ಇಂಥ ಪರವಸ್ತುಗಳೇ ಸೋಂಕಿನ ಬೇರು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಜಿನ ಕೊಳವೆಯನ್ನು ಬಿಸಿಮಾಡಿ ಎಳೆದು, ಮುಳ್ಳುಮುಳ್ಳಾದ ಟೊಳ್ಳುಗಳಿರುವ ಒಂದು ‘ಗಾಯ’ವನ್ನು ಮಾಡಿದ್ದರು. ಅದರಲ್ಲಿ ಆಂಟಿಸೆಪ್ಟಿಕ್ ತುಂಬಿ ಖಾಲಿ ಮಾಡಿ ಮತ್ತೆ ಸೀರಂ ಹಾಕಿದರೆ, ಮುಳ್ಳುಗಳ ತುದಿಯಲ್ಲಿ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತಿತ್ತು. ಪೆನಿಸಿಲಿನ್‌ಗೆ ಹತ್ತು ವರ್ಷ ಮೊದಲಿನ ಮಾತು. ಸಂದಿಗೆ ತಲುಪದ ಔಷಧಿ ಎಷ್ಟು ಬಲವಾದದ್ದಾದರೂ ಕೆಲಸ ಮಾಡುವುದಿಲ್ಲ ಎಂಬುದು ಈಗಲೂ ಹಾಗೆಯೇ ಇದೆ. ನಾವು ಫೋನಿನಲ್ಲಿ ಔಷಧಿಯ ಹೆಸರು ಹೇಳುವ ಮೊದಲು ‘ಸತ್ತ ಮಾಂಸ ಪೂರ್ತಿ ಹೋಗಿದೆಯೇ ಡಾಕ್ಟರೇ?’ ಎಂದು ಕೇಳುವುದು ಇದಕ್ಕೇ. ಬಣ್ಣ, ಗಟ್ಟಿತನ, ಚುಚ್ಚಿದರೆ ಕುಗ್ಗುವ ಗುಣ, ಕತ್ತರಿಸಿದರೆ ರಕ್ತ ಬರುವುದು: ಈ ನಾಲ್ಕೂ ಇದ್ದರೆ ಸ್ನಾಯು ಬದುಕಿದೆ. ತೊಳೆಯಲು ಸಾದಾ ಸಲೈನ್, ಕಡಿಮೆ ಒತ್ತಡ. ಸಣ್ಣ ಗಾಯಕ್ಕೆ 3 ಲೀಟರ್, ಮಧ್ಯಮಕ್ಕೆ 6, ದೊಡ್ಡದಕ್ಕೆ 9. ಜೋರಾಗಿ ಚಿಮ್ಮಿಸಿದರೆ ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ.

ತುಂಡನ್ನು ತೂಗಿ, ಅರ್ಧ ಗ್ರಾಂ ಮಾಂಸಕ್ಕೆ 4.5 ಮಿ.ಲೀ. ಸಲೈನ್ ಸೇರಿಸಿ ಅರೆಯುತ್ತೇವೆ. ಇದು 1:10. ಅದರಿಂದ 1:100, 1:1000 ಮಾಡಿ, ಪ್ರತಿಯೊಂದರಿಂದ 100 ಮೈಕ್ರೊಲೀಟರ್ ರಕ್ತದ ಅಗಾರಿನ ಮೇಲೆ ಹರಡುತ್ತೇವೆ. 1:100ರ ಪ್ಲೇಟಿನಲ್ಲಿ 100 ಕಾಲೊನಿ ಬಂದರೆ ಗ್ರಾಂ ಮಾಂಸಕ್ಕೆ ಒಂದು ಲಕ್ಷ ಬ್ಯಾಕ್ಟೀರಿಯಾ. ಒಂದು ಲಕ್ಷ ದಾಟಿದರೆ ಗಾಯ ಮುಚ್ಚಿದರೂ ಕೂಡುವುದು ಕಷ್ಟ ಎಂಬುದು ಹಳೆಯ ಲೆಕ್ಕ. ಅದನ್ನು ನಾನು ಗೆರೆಯಾಗಿ ಎಳೆಯುವುದಿಲ್ಲ. ಹಿಮೋಲಿಟಿಕ್ ಸ್ಟ್ರೆಪ್ಟೊಕಾಕಸ್ ಇದ್ದರೆ ಎಣಿಕೆ ಎಷ್ಟೇ ಇರಲಿ ಗಂಭೀರವಾಗಿ ತೆಗೆದುಕೊಳ್ಳಬೇಕು. ಆದರೆ ಐದು ತುಂಡುಗಳಲ್ಲಿ ಒಂದರಲ್ಲಿ ಮಾತ್ರ ಮೂರು ಕಾಲೊನಿ ಬಂದ ಅಸಿನೆಟೊಬ್ಯಾಕ್ಟರ್‌ಗೆ ಕೊಲಿಸ್ಟಿನ್ ಬರೆದು ಕಿಡ್ನಿ ಕೆಡಿಸುವುದನ್ನು ಈ ಎಣಿಕೆ ತಪ್ಪಿಸುತ್ತದೆ.

ಅರೆದದ್ದರ ಒಂದು ಹನಿಯಿಂದ ಗ್ರಾಂ ಸ್ಟೇನ್, ಅರ್ಧ ಗಂಟೆಯಲ್ಲಿ ಮೊದಲ ಫೋನ್. ಉಳಿದದ್ದು ರಕ್ತದ ಅಗಾರ್, ಚಾಕೊಲೇಟ್ ಅಗಾರ್, ಗ್ರಾಂ ನೆಗೆಟಿವ್‌ಗಳಿಗೆಂದೇ ಇರುವ ಮ್ಯಾಕ್‌ಕಾಂಕಿ ಅಗಾರ್, ಕಾರ್ಬಪೆನೆಮ್ ನಿರೋಧಕಗಳನ್ನು ಮಾತ್ರ ಬೆಳೆಯಬಿಡುವ ಬಣ್ಣದ ಅಗಾರ್, ಗಾಳಿಯಿಲ್ಲದ ಜಾರಿನೊಳಗೆ ಒಂದು ಪ್ಲೇಟು. ಗಾಳಿಯಿಲ್ಲದ ಪ್ಲೇಟನ್ನು ಎರಡು ದಿನ ತೆರೆಯಬಾರದು.

ಮರುದಿನ ಬೆಳಿಗ್ಗೆ

ಮ್ಯಾಕ್‌ಕಾಂಕಿಯ ಮೇಲೆ ಕ್ಲೆಬ್ಸಿಯೆಲ್ಲಾ ಗುಲಾಬಿ ಬಣ್ಣದಲ್ಲಿ ಉಬ್ಬಿ, ಒದ್ದೆಯಾಗಿ, ಪಾಕದ ಹನಿಯ ಹಾಗೆ ಹೊಳೆಯುತ್ತಿರುತ್ತದೆ. ಲೂಪ್ (ತುದಿಯಲ್ಲಿ ಉಂಗುರವಿರುವ ಕಡ್ಡಿ) ತಾಗಿಸಿ ಮೇಲೆತ್ತಿದರೆ ಕೆಲವು ತಳಿಗಳು ನೂಲಿನಂತೆ ಎಳೆದುಕೊಂಡು ಬರುತ್ತವೆ. ನೂಲು 5 ಮಿ.ಮೀ. ದಾಟಿದರೆ ಅತಿಲೋಳೆಯ ತಳಿ ಎಂದು ಗುರುತು ಹಾಕಿಕೊಳ್ಳುತ್ತೇವೆ, ಏಕೆಂದರೆ ಮುಂದಿನ ಪರೀಕ್ಷೆಯಲ್ಲಿ ಅದು ಕಾಟ ಕೊಡುತ್ತದೆ. ಪಕ್ಕದಲ್ಲಿ ಬಣ್ಣವಿಲ್ಲದ, ಸ್ವಲ್ಪ ನೇರಳೆ ಛಾಯೆಯ ಅಸಿನೆಟೊಬ್ಯಾಕ್ಟರ್. ರಕ್ತದ ಅಗಾರಿನಲ್ಲಿ ಲೋಹದ ಹೊಳಪಿನ, ದ್ರಾಕ್ಷಿಯ ವಾಸನೆಯ ಸ್ಯೂಡೊಮೊನಾಸ್. ಅಲೆಯಲೆಯಾಗಿ ಪ್ಲೇಟು ಪೂರ್ತಿ ಹಬ್ಬುವ ಪ್ರೋಟಿಯಸ್ ಇದ್ದರೆ ಅದರ ಅಡಿಯಲ್ಲಿ ಉಳಿದವರೆಲ್ಲ ಮುಚ್ಚಿಹೋಗುತ್ತಾರೆ. ಅದಕ್ಕೇ ಹಬ್ಬಲು ಬಿಡದ ಮ್ಯಾಕ್‌ಕಾಂಕಿ ಪ್ಲೇಟು ಯಾವಾಗಲೂ ಜೊತೆಗಿರಬೇಕು.

ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ತೂಗಿ ನೋಡುವ ಮಾಲ್ಡಿಟಾಫ್ ಯಂತ್ರ ಕೆಲವೇ ನಿಮಿಷಗಳಲ್ಲಿ ಜಾತಿ ಹೇಳುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಎನ್ನುವ ಸೆನ್ಸಿಟಿವಿಟಿ ರಿಪೋರ್ಟಿನ ಅರ್ಧ ಆ ಹೆಸರಿನಲ್ಲೇ ಇದೆ. ಪ್ರಾವಿಡೆನ್ಸಿಯಾ ಎಂದು ಬಂದರೆ ಕೊಲಿಸ್ಟಿನ್ ಪರೀಕ್ಷಿಸುವ ಅಗತ್ಯವೇ ಇಲ್ಲ, ಹುಟ್ಟಿನಿಂದಲೇ ಅದಕ್ಕೆ ನಿರೋಧಕ. ಟೈಜಿಸೈಕ್ಲಿನ್ ಎಂಬ ಔಷಧಿಯೂ ನಡೆಯದು. ಎನ್‌ಡಿಎಂ ಇರುವ ಪ್ರಾವಿಡೆನ್ಸಿಯಾ ಬಂದ ದಿನ ಔಷಧಿಯ ಕಪಾಟು ನಿಜಕ್ಕೂ ಖಾಲಿ ಕಾಣುತ್ತದೆ.

ಯಾವ ಕಿಣ್ವ?

ಕಾರ್ಬಪೆನೆಮ್ ಔಷಧಿಗಳನ್ನು ಒಡೆಯುವ ಕಿಣ್ವ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಯಾವುದು ಇದೆ ಎನ್ನುವುದು ಮುಖ್ಯ, ಔಷಧಿಯ ಆಯ್ಕೆ ಅದರ ಮೇಲೇ ನಿಂತಿದೆ. ಯುರೋಪಿನ ಮಾನದಂಡ ಸಮಿತಿ ಯೂಕ್ಯಾಸ್ಟ್ ಪ್ರಕಾರ ಮೆರೊಪೆನೆಮ್ ಎಂಐಸಿ (ಬೆಳವಣಿಗೆ ನಿಲ್ಲಿಸಲು ಬೇಕಾಗುವ ಕನಿಷ್ಠ ಔಷಧಿ) ಲೀಟರಿಗೆ 0.125 ಮಿ.ಗ್ರಾಂ ದಾಟಿದ ಕೂಡಲೇ ಅನುಮಾನ ಪಡಬೇಕು. ‘ಸೆನ್ಸಿಟಿವ್’ ಎನ್ನುವ ಮಿತಿ 2 ಆದ್ದರಿಂದ, ಆಕ್ಸಾ-48 ಎಂಬ ಕಿಣ್ವ ಇರುವ ತಳಿ 0.5 ಅಥವಾ 1ರಲ್ಲಿ ನಿಂತು ಯಂತ್ರದಿಂದ ‘ಸೆನ್ಸಿಟಿವ್’ ಎಂಬ ಸರ್ಟಿಫಿಕೇಟು ಪಡೆದು ದಾಟಿಹೋಗಬಲ್ಲದು.

ಮೊದಲು ಪಟ್ಟಿ ಪರೀಕ್ಷೆ. ಗರ್ಭಪರೀಕ್ಷೆಯ ಪಟ್ಟಿಯಂತೆಯೇ: ಕಾಲೊನಿಯನ್ನು ಬಫರಿನಲ್ಲಿ ಕದಡಿ ಹಾಕಿದರೆ 15 ನಿಮಿಷದಲ್ಲಿ ಕೆಪಿಸಿ, ಆಕ್ಸಾ-48, ಎನ್‌ಡಿಎಂ, ವಿಐಎಂ, ಐಎಂಪಿ ಎಂಬ ಐದು ಕಿಣ್ವಗಳಲ್ಲಿ ಯಾವುದೆಂದು ಗೆರೆ ಮೂಡುತ್ತದೆ. ಲೋಳೆ ತಳಿಗಳಲ್ಲಿ ದ್ರವ ಪಟ್ಟಿಯ ಮೇಲೆ ಸರಿಯಾಗಿ ಹರಿಯದೆ, ನಿಜಕ್ಕೂ ಇರುವ ಎನ್‌ಡಿಎಂ ಕೂಡ ಕಾಣದೇ ಹೋಗಬಹುದು. ಕಾಲೊನಿ ಕಡಿಮೆ ತೆಗೆದುಕೊಂಡು ಚೆನ್ನಾಗಿ ವೋರ್ಟೆಕ್ಸ್ ಮಾಡಿ ಮತ್ತೆ ಹಾಕಬೇಕು. ಅಸಿನೆಟೊಬ್ಯಾಕ್ಟರಿನ ಸಾಮಾನ್ಯ ಕಿಣ್ವವಾದ ಆಕ್ಸಾ-23 ಈ ಪಟ್ಟಿಯಲ್ಲಿಲ್ಲ, ಅದಕ್ಕೆ ಬೇರೆ ಪಟ್ಟಿ ಅಥವಾ ಪಿಸಿಆರ್.

ಪಟ್ಟಿ ದುಬಾರಿ ಎನ್ನುವ ಲ್ಯಾಬುಗಳಿಗೆ, ಬ್ಯಾಕ್ಟೀರಿಯಾ ಡಿಸ್ಕಿನಲ್ಲಿರುವ ಮೆರೊಪೆನೆಮ್ಮನ್ನು ಒಡೆಯುತ್ತದೆಯೇ ಎಂದು ನೋಡುವ ಎಂಸಿಐಎಂ ಪರೀಕ್ಷೆ ಒಳ್ಳೆಯದು, ನಾವೂ ಅನುಮಾನ ಬಂದಾಗ ಮಾಡುತ್ತೇವೆ. 2 ಮಿ.ಲೀ. ಟ್ರಿಪ್ಟಿಕ್ ಸೋಯಾ ಬ್ರಾತಿನಲ್ಲಿ 1 ಮೈಕ್ರೊಲೀಟರ್ ಲೂಪ್ ತುಂಬ ಬ್ಯಾಕ್ಟೀರಿಯಾ (ಸ್ಯೂಡೊಮೊನಾಸ್ ಆದರೆ 10 ಮೈಕ್ರೊಲೀಟರ್ ಲೂಪ್) ಕದಡಿ, 10 ಮೈಕ್ರೊಗ್ರಾಮಿನ ಮೆರೊಪೆನೆಮ್ ಡಿಸ್ಕ್ ಮುಳುಗಿಸಿ 35 ಡಿಗ್ರಿಯಲ್ಲಿ 4 ಗಂಟೆ. 15 ನಿಮಿಷ ಹೆಚ್ಚುಕಡಿಮೆ ಆಗಬಹುದು, ಅದಕ್ಕಿಂತ ಬೇಡ. ನಾಲ್ಕು ಗಂಟೆ ಮುಗಿಯುವುದಕ್ಕೆ ಸ್ವಲ್ಪ ಮೊದಲು ಮುಲ್ಲರ್ ಹಿಂಟನ್ ಪ್ಲೇಟಿನ ಮೇಲೆ ಎಟಿಸಿಸಿ 25922 ಎಂಬ, ಔಷಧಿಗೆ ಬಗ್ಗುವ ಇ. ಕೋಲಿಯನ್ನು 0.5 ಮ್ಯಾಕ್‌ಫಾರ್ಲಂಡ್ (ದ್ರವದ ಮಬ್ಬಿನ ಅಳತೆ) ಸಾಂದ್ರತೆಯಲ್ಲಿ ಹರಡಿರಬೇಕು. ಡಿಸ್ಕನ್ನು ಲೂಪಿನಿಂದ ಎತ್ತುವಾಗ ಕೊಳವೆಯ ಒಳಗೋಡೆಗೆ ಒತ್ತಿ ಹೆಚ್ಚಿನ ದ್ರವ ಹಿಂಡಿ ಪ್ಲೇಟಿನ ಮೇಲಿಡುವುದು. ಮರುದಿನ ಡಿಸ್ಕಿನ ಸುತ್ತ ಇ. ಕೋಲಿ ಬೆಳೆಯದ ವಲಯ 6ರಿಂದ 15 ಮಿ.ಮೀ. ಇದ್ದರೆ ಕಿಣ್ವ ಇದೆ, ಅದು ಮೆರೊಪೆನೆಮ್ಮನ್ನು ತಿಂದು ಮುಗಿಸಿದೆ. 19 ಮತ್ತು ಹೆಚ್ಚು ಇದ್ದರೆ ಇಲ್ಲ. ನಡುವಿನದು ಅನಿಶ್ಚಿತ, ಮತ್ತೆ ಮಾಡಿ. ಹಳೆಯ ಡಿಸ್ಕು ತನ್ನಷ್ಟಕ್ಕೇ ಶಕ್ತಿ ಕಳೆದುಕೊಂಡು ಕಿಣ್ವ ಇದೆ ಎಂದು ಸುಳ್ಳು ಹೇಳುತ್ತದೆ, ಆದ್ದರಿಂದ ಕಿಣ್ವವಿಲ್ಲದ ತಳಿಯೊಂದನ್ನು ಪ್ರತಿ ಸಲವೂ ಜೊತೆಗೆ ಓಡಿಸಬೇಕು.

ಎನ್‌ಡಿಎಂನಂಥ ಸತುವಿನ ಕಿಣ್ವಗಳನ್ನು ಬೇರ್ಪಡಿಸಲು ಎರಡನೇ ಕೊಳವೆಯಲ್ಲಿ ಸತುವನ್ನು ಹಿಡಿದುಕೊಳ್ಳುವ ಇಡಿಟಿಎ (0.5 ಮೋಲಾರ್) 20 ಮೈಕ್ರೊಲೀಟರ್ ಸೇರಿಸಿ ಅದೇ ಪರೀಕ್ಷೆ ಮಾಡುತ್ತಾರೆ. ವಲಯ 5 ಮಿ.ಮೀ. ಅಥವಾ ಹೆಚ್ಚು ಹಿಗ್ಗಿದರೆ ಸತುವಿನ ಕಿಣ್ವ. ಉಕ್ರೇನಿನ ಗಾಯಗಳಲ್ಲಿ ಇದು ಮೋಸ ಮಾಡುವ ಜಾಗ. ಇಲ್ಲಿ ಒಂದೇ ಕ್ಲೆಬ್ಸಿಯೆಲ್ಲಾದಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಎರಡೂ ಇರುವುದು ಹೆಚ್ಚು. ಇಡಿಟಿಎ ಎನ್‌ಡಿಎಂನ ಕೈ ಕಟ್ಟಿದರೂ ಆಕ್ಸಾ-48 ಮೆರೊಪೆನೆಮ್ಮನ್ನು ಒಡೆಯುತ್ತಲೇ ಇರುತ್ತದೆ, ವಲಯ ಹಿಗ್ಗುವುದಿಲ್ಲ, ಎನ್‌ಡಿಎಂ ಇಲ್ಲವೆಂದು ಬರೆದುಬಿಡುತ್ತೇವೆ. ಆ ರಿಪೋರ್ಟು ನಂಬಿ ಸೆಫ್ಟಾಜಿಡಿಮ್-ಎವಿಬ್ಯಾಕ್ಟಮ್ ಎಂಬ ಜೋಡಿ ಔಷಧಿ ಒಂದನ್ನೇ ಕೊಟ್ಟರೆ ಅದು ಆಕ್ಸಾ-48ರ ಮೇಲೆ ಕೆಲಸ ಮಾಡುತ್ತದೆ, ಎನ್‌ಡಿಎಂ ಮುಂದೆ ನೀರು. ಹಾಗಾಗಿ ಈ ರೋಗಿಗಳಲ್ಲಿ ಪಟ್ಟಿ ಅಥವಾ ಪಿಸಿಆರ್ ಇಲ್ಲದೆ ಇಡಿಟಿಎ ಉತ್ತರವನ್ನು ನಾನು ರಿಪೋರ್ಟಿನಲ್ಲಿ ಬರೆಯುವುದಿಲ್ಲ.

ಉಳಿದಿರುವ ಔಷಧಿಗಳನ್ನು ಅಳೆಯುವುದು

ಎನ್‌ಡಿಎಂ ಒಡೆಯಲಾಗದ ಒಂದು ಹಳೆಯ ಔಷಧಿ ಇದೆ, ಅಜ್ಟ್ರಿಯೊನಾಮ್. ಆದರೆ ಎನ್‌ಡಿಎಂ ಜೊತೆಗೇ ಬರುವ ಇಎಸ್‌ಬಿಎಲ್ ಕಿಣ್ವಗಳು ಅದನ್ನು ಒಡೆಯುತ್ತವೆ. ಎವಿಬ್ಯಾಕ್ಟಮ್ ಆ ಇಎಸ್‌ಬಿಎಲ್‌ಗಳನ್ನು ತಡೆಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ, ಒಂದೇ ಹೊತ್ತಿನಲ್ಲಿ ರಕ್ತಕ್ಕೆ ಹೋಗುವಂತೆ ಕೊಡುವುದು. ಜೋಡಿ ಔಷಧಿಯಾಗಿ ಅಜ್ಟ್ರಿಯೊನಾಮ್-ಎವಿಬ್ಯಾಕ್ಟಮ್‌ಗೆ ಯುರೋಪಿನಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು. ಅದು ಇಲ್ಲದ ಕಡೆ ಸೆಫ್ಟಾಜಿಡಿಮ್-ಎವಿಬ್ಯಾಕ್ಟಮ್ 2.5 ಗ್ರಾಂ ಜೊತೆ ಅಜ್ಟ್ರಿಯೊನಾಮ್ 2 ಗ್ರಾಂ, 8 ಗಂಟೆಗೊಮ್ಮೆ. ಕಿಡ್ನಿ ನೋಡಿಕೊಂಡು ಡೋಸ್ ಬದಲಾಗುತ್ತದೆ. ಎರಡನ್ನೂ ಬೇರೆಬೇರೆ ಹೊತ್ತಿಗೆ ಏರಿಸಿದರೆ ಜೋಡಿಯ ಅರ್ಥವೇ ಹೋಗುತ್ತದೆ, ವಾರ್ಡಿನ ಚಾರ್ಟಿನಲ್ಲಿ ಇದನ್ನು ಕಣ್ಣಾರೆ ನೋಡಬೇಕು. ನಮ್ಮ ಭಾರತದ ಲ್ಯಾಬುಗಳಿಗೆ ಒಂದು ಎಚ್ಚರಿಕೆ: ನಮ್ಮ ಕಡೆಯ ಎನ್‌ಡಿಎಂ ಇ. ಕೋಲಿಯಲ್ಲಿ ಔಷಧಿ ಅಂಟಿಕೊಳ್ಳುವ ಪಿಬಿಪಿ-3 ಪ್ರೋಟೀನಿನಲ್ಲೇ ನಾಲ್ಕು ಅಮೈನೊ ಆಮ್ಲಗಳು ಹೆಚ್ಚಿಗೆ ಸೇರಿರುವುದು ಸಾಮಾನ್ಯ. ಅಂಥ ತಳಿಯಲ್ಲಿ ಈ ಜೋಡಿಯೂ ಸೊರಗುತ್ತದೆ, ಪರೀಕ್ಷಿಸದೆ ಕೊಡಬಾರದು.

ಕೊಲಿಸ್ಟಿನ್‌ಗೆ ಡಿಸ್ಕೂ ಬೇಡ, ಎಂಐಸಿ ಪಟ್ಟಿಯೂ ಬೇಡ. ದೊಡ್ಡ ಅಣುವಾದ್ದರಿಂದ ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ, ನಿರೋಧಕ ತಳಿಯೂ ಔಷಧಿಗೆ ಬಗ್ಗುವಂತೆ ತೋರಬಹುದು. ನೆಚ್ಚಬಹುದಾದ ದಾರಿ ಬ್ರಾತ್ ಮೈಕ್ರೊಡೈಲ್ಯೂಶನ್, ಅಂದರೆ ಸಣ್ಣ ಬಾವಿಗಳಿರುವ ತಟ್ಟೆಯಲ್ಲಿ ಔಷಧಿಯ ಪ್ರಮಾಣ ಏರಿಸುತ್ತಾ ಬೆಳೆಸಿ ನೋಡುವುದು. ಸಲ್ಫೇಟ್ ರೂಪದ ಪುಡಿಯೇ ಆಗಬೇಕು, ಮೀಥೇನ್‌ಸಲ್ಫೋನೇಟ್ ಇಂಜೆಕ್ಷನ್ ಬಾಟಲಿಯಿಂದ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಸಾದಾ ಪಾಲಿಸ್ಟೈರೀನ್ ತಟ್ಟೆ, ಟ್ವೀನ್‌ನಂಥ ಸೋಪಿನ ಗುಣದ ಏನನ್ನೂ ಸೇರಿಸಬಾರದು. ಎರಡು ಕಂಟ್ರೋಲ್ ಇರಲಿ: ಎಟಿಸಿಸಿ 25922, ಅದರ ಜೊತೆ ಎಂಸಿಆರ್-1 ಎಂಬ ಕೊಲಿಸ್ಟಿನ್ ನಿರೋಧಕ ಜೀನ್ ಇರುವ ಎನ್‌ಸಿಟಿಸಿ 13846, ಎರಡನೆಯದರ ಎಂಐಸಿ 4ರ ಹತ್ತಿರ ಬರಬೇಕು. ಒಂದು ಬಾವಿ ಸ್ವಚ್ಛ, ಅದಕ್ಕಿಂತ ಹೆಚ್ಚು ಔಷಧಿಯಿರುವ ಮುಂದಿನ ಬಾವಿಯಲ್ಲಿ ಬೆಳವಣಿಗೆ ಹೀಗೆ ಕಂಡರೆ ಕಣ್ಣು ಮುಚ್ಚಿ ಮುಂದೆ ಹೋಗಬೇಡಿ. ಬಹುಪಾಲು ಸತ್ತು ಕೆಲವರು ಬದುಕುಳಿಯುವ ಮಿಶ್ರ ನಿರೋಧಕತೆ ಅದಾಗಿರಬಹುದು, ಔಷಧಿ ಶುರುವಾದ ನಾಲ್ಕೈದು ದಿನಕ್ಕೆ ಅವರೇ ಗಾಯ ತುಂಬುತ್ತಾರೆ. ಮೈಮೇಲೆ ಗೋಡೆ ಬಿದ್ದು ಸ್ನಾಯು ಜಜ್ಜಿದವರ ಕಿಡ್ನಿ ಮೊದಲೇ ಸೋತಿರುತ್ತದೆ. ಅವರಿಗೆ ಕೊಲಿಸ್ಟಿನ್ ಕೊನೆಯ ಮಾತಾಗಿರಲಿ.

ಸೆಫಿಡೆರೊಕಾಲ್ ಬ್ಯಾಕ್ಟೀರಿಯಾದ ಕಬ್ಬಿಣದ ಹಸಿವನ್ನು ಬಳಸಿ ಒಳಹೋಗುವ ಔಷಧಿ. ಬ್ರಾತಿನಲ್ಲಿ ಪರೀಕ್ಷಿಸುವಾಗ ಕಬ್ಬಿಣ ತೆಗೆದ ಬ್ರಾತೇ ಬೇಕು. ಸಾಮಾನ್ಯ ಬ್ರಾತಿನಲ್ಲಿ ಕಬ್ಬಿಣ ಸಾಕಷ್ಟಿರುವುದರಿಂದ ಬ್ಯಾಕ್ಟೀರಿಯಾ ಆ ಬಾಗಿಲು ತೆರೆಯುವುದಿಲ್ಲ, ಒಳ್ಳೆಯ ಔಷಧಿಯೂ ಕೆಲಸಕ್ಕೆ ಬಾರದ್ದೆಂದು ಕಾಣುತ್ತದೆ. ಡಿಸ್ಕಿಗೆ ಸಾಮಾನ್ಯ ಮುಲ್ಲರ್ ಹಿಂಟನ್ ಸಾಕು.

ಡಿಸ್ಕ್ ಪರೀಕ್ಷೆಯ ಶಿಸ್ತು ಎಲ್ಲರಿಗೂ ಗೊತ್ತಿರುವುದೇ: ಅಗಾರ್ 4 ಮಿ.ಮೀ. ದಪ್ಪ, ಕದಡಿದ 15 ನಿಮಿಷದೊಳಗೆ ಹರಡುವುದು, ಹರಡಿದ 15 ನಿಮಿಷದೊಳಗೆ ಡಿಸ್ಕ್, ಡಿಸ್ಕಿಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರ್.

ಶಿಲೀಂಧ್ರ ಇದ್ದರೆ ಅರೆಯಬೇಡಿ

ಅಫ್ಘಾನಿಸ್ತಾನದ ಹೆಲ್ಮಂಡ್, ಕಂದಹಾರ್‌ಗಳಲ್ಲಿ ಕಾಲ್ನಡಿಗೆಯಲ್ಲಿ ಹೋಗುವಾಗ ನೆಲದ ಬಾಂಬು ಸಿಡಿದವರಲ್ಲಿ ಶಿಲೀಂಧ್ರದ ಸೋಂಕು ಬಂತು. ತೊಡೆಯ ಮಟ್ಟದಲ್ಲಿ ಕಾಲು ಹೋದವರು, ಮೊದಲ ದಿನವೇ 20 ಯೂನಿಟ್‌ಗಿಂತ ಹೆಚ್ಚು ರಕ್ತ ಬೇಕಾದವರು ಹೆಚ್ಚು ಅಪಾಯದಲ್ಲಿದ್ದರು. ಇದು ಮಾತ್ರ ನಿಜಕ್ಕೂ ಮಣ್ಣಿನಿಂದ ಬರುವುದು. ಪ್ರತಿ ಸಲ ಕತ್ತರಿಸಿ ಸ್ವಚ್ಛ ಮಾಡಿದರೂ ಮರುದಿನ ಹೊಸದಾಗಿ ಮಾಂಸ ಕಪ್ಪಾಗುತ್ತಿದ್ದರೆ ಬ್ಯಾಕ್ಟೀರಿಯಾದ ಔಷಧಿ ಬದಲಿಸುತ್ತಾ ಕೂರಬಾರದು, ಶಿಲೀಂಧ್ರ ಹುಡುಕಬೇಕು. 2021ರಲ್ಲಿ ಕೋವಿಡ್ ನಂತರ ಕರ್ನಾಟಕದವರು ‘ಬ್ಲ್ಯಾಕ್ ಫಂಗಸ್’ ಎಂದು ಕರೆದ ಮ್ಯೂಕರ್ ಗುಂಪಿನವೇ ಇಲ್ಲಿಯೂ ಮುಖ್ಯ.

ಮ್ಯೂಕರ್‌ನ ಎಳೆಗಳಲ್ಲಿ ಅಡ್ಡಗೋಡೆ ಬಹಳ ಕಡಿಮೆ. ಅರೆದರೆ ಎಳೆ ಒಡೆದು ಒಳಗಿನದೆಲ್ಲ ಸೋರಿ ಸಾಯುತ್ತದೆ, ಕಲ್ಚರ್ ಬರಿದಾಗುತ್ತದೆ. ಬ್ಲೇಡಿನಿಂದ ಅಕ್ಕಿಕಾಳಿನಷ್ಟು ತುಂಡು ಮಾಡಿ ಶಿಲೀಂಧ್ರ ಬೆಳೆಸುವ ಸಾಬುರೋ ಅಗಾರಿಗೆ ಒತ್ತಿ ಕೂರಿಸುವುದು. ಇನ್ನೊಂದು ತುಂಡಿಗೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಕ್ಯಾಲ್ಕೊಫ್ಲೂರ್ ಎಂಬ ಹೊಳೆಯುವ ಬಣ್ಣದ ಜೊತೆ ಮೈಕ್ರೊಸ್ಕೋಪಿನಲ್ಲಿ: ಅಗಲವಾದ ರಿಬ್ಬನ್‌ನಂಥ ಎಳೆ, ಲಂಬಕೋನದ ಕವಲು ಕಂಡರೆ ಕಲ್ಚರಿಗೆ ಕಾಯದೆ ಫೋನ್. ಗಾಯಕ್ಕೆ 0.025 ಶೇಕಡಾ ಡೇಕಿನ್ ದ್ರಾವಣ (ತೆಳುವಾದ ಬ್ಲೀಚ್), ಒಳಗೆ ಶಿಲೀಂಧ್ರದ ಔಷಧಿ ಆಂಫೊಟೆರಿಸಿನ್. ಬೆಳೆದದ್ದು ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೇರೆ ಶಿಲೀಂಧ್ರವಾದರೆ ಆಂಫೊಟೆರಿಸಿನ್ ನಡೆಯುವುದಿಲ್ಲ, ಹೆಸರು ತಿಳಿಯುವುದು ಅಷ್ಟು ಮುಖ್ಯ.

ವಾರ್ಡಿನಲ್ಲಿ

ಜರ್ಮನಿಯಲ್ಲಿ ಪೈಪರಾಸಿಲಿನ್, ಮೂರನೇ ತಲೆಮಾರಿನ ಸೆಫಲೊಸ್ಪೊರಿನ್, ಕಾರ್ಬಪೆನೆಮ್, ಸಿಪ್ರೊಫ್ಲೊಕ್ಸಾಸಿನ್ ನಾಲ್ಕಕ್ಕೂ ಬಗ್ಗದ ಗ್ರಾಂ ನೆಗೆಟಿವ್‌ಗೆ 4ಎಂಆರ್‌ಜಿಎನ್ ಎಂದು ಹೆಸರು. ಉಕ್ರೇನಿನಿಂದ ಬರುವ ಗಾಯಾಳುವನ್ನು ರಿಪೋರ್ಟು ಬರುವವರೆಗೆ 4ಎಂಆರ್‌ಜಿಎನ್ ಇದೆ ಎಂದೇ ಭಾವಿಸಿ ಒಂಟಿ ಕೋಣೆ, ಗೌನು, ಕೈಗವಸು. ಗುದದ್ವಾರದ ಸ್ವಾಬ್, ಪ್ರತಿ ಗಾಯದ ಸ್ವಾಬ್, ಕ್ಯಾಥೆಟರ್ ಇದ್ದರೆ ಮೂತ್ರ, ಎಂಆರ್‌ಎಸ್‌ಎ ಎಂಬ ನಿರೋಧಕ ಸ್ಟೆಫಿಲೊಕಾಕಸ್ ಹುಡುಕಲು ಮೂಗು-ಗಂಟಲಿನ ಸ್ವಾಬ್. ಗುದದ್ವಾರದ ಸ್ವಾಬಿಗೆ ಮಲದ ಬಣ್ಣ ಅಂಟಿಲ್ಲದಿದ್ದರೆ ವಾಪಸು ಕಳಿಸುತ್ತೇವೆ. 5 ಮಿ.ಲೀ. ಟ್ರಿಪ್ಟಿಕ್ ಸೋಯಾ ಬ್ರಾತಿಗೆ 10 ಮೈಕ್ರೊಗ್ರಾಮಿನ ಮೆರೊಪೆನೆಮ್ ಡಿಸ್ಕ್ ಹಾಕಿ ಸ್ವಾಬನ್ನು ಒಂದು ರಾತ್ರಿ ಬೆಳೆಸಿ, ಮರುದಿನ 100 ಮೈಕ್ರೊಲೀಟರ್ ಮ್ಯಾಕ್‌ಕಾಂಕಿಗೆ ಹಾಕಿದರೆ, ನೇರ ಪ್ಲೇಟಿನಲ್ಲಿ ಕಾಣದವರೂ ಸಿಗುತ್ತಾರೆ. ಒಂದು ನೆಗೆಟಿವ್ ನೋಡಿ ಕೋಣೆ ಬದಲಿಸಬಾರದು. ಆಂಟಿಬಯಾಟಿಕ್ ನಡೆಯುತ್ತಿರುವಾಗ ಅಡಗಿದ್ದು, ನಿಂತ ಮೇಲೆ ಮತ್ತೆ ಕಾಣಿಸಿಕೊಳ್ಳುವುದು ಉಂಟು.

ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕುತ್ತದೆ: ಹಾಸಿಗೆಯ ಕಂಬಿ, ಮಾನಿಟರಿನ ಗುಂಡಿ, ರಕ್ತದೊತ್ತಡದ ಪಟ್ಟಿ. ಸ್ಯೂಡೊಮೊನಾಸ್ ಮತ್ತು ಕ್ಲೆಬ್ಸಿಯೆಲ್ಲಾ ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ. ಗಾಯ ತೊಳೆದ ನೀರನ್ನು ಕೈತೊಳೆಯುವ ಸಿಂಕಿಗೆ ಸುರಿದರೆ ಮುಂದಿನ ರೋಗಿಗೆ ಅದೇ ಚಿಮ್ಮುತ್ತದೆ. ಈ ಒಂದು ಅಭ್ಯಾಸ ಬಿಡಿಸಲು ನಾವು ಸಿಂಕಿನ ಮೇಲೆ ಚೀಟಿ ಅಂಟಿಸುವುದಕ್ಕಿಂತ ಮುಚ್ಚಳವಿರುವ ಬಕೆಟ್ಟನ್ನು ಹಾಸಿಗೆಯ ಪಕ್ಕ ಇಡುವುದು ಹೆಚ್ಚು ಕೆಲಸ ಮಾಡಿತು.

ಪ್ರತಿ ನಿರೋಧಕ ತಳಿಯನ್ನೂ 20 ಶೇಕಡಾ ಗ್ಲಿಸರಾಲ್ ಇರುವ ಬ್ರಾತಿನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಆರು ವಾರದ ನಂತರ ಮೂಳೆಯಿಂದ ಮತ್ತೆ ಕ್ಲೆಬ್ಸಿಯೆಲ್ಲಾ ಬಂದರೆ ಅದು ಹಳೆಯದೇ ಮರಳಿದ್ದೋ, ನಮ್ಮ ವಾರ್ಡಿನಲ್ಲೇ ಹೊಸದಾಗಿ ಹತ್ತಿದ್ದೋ ಎಂದು ಪಕ್ಕಪಕ್ಕ ಇಟ್ಟು ನೋಡಲು ಅದೊಂದೇ ಸಾಕ್ಷಿ. ರೋಗಿ ಬೇರೆ ಆಸ್ಪತ್ರೆಗೆ ಹೋಗುವಾಗ ಕಾಗದದ ಮೊದಲ ಸಾಲಿನಲ್ಲೇ ಜಾತಿ, ಕಿಣ್ವ, ಕೆಲಸ ಮಾಡಿದ ಔಷಧಿ, ಕೊನೆಯ ಪಾಸಿಟಿವ್ ದಿನಾಂಕ ಬರೆಯುತ್ತೇವೆ. ಡಬ್ಬಿಯ ಚೀಟಿಯ ಮೇಲೆ ಬರೆಯುವುದು ಪೆನ್ಸಿಲಿನಲ್ಲಿ, ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.